ಮಗ್ಗಿಯೊಳಗಿನ ‘ಲೆ’: ಮಕ್ಕಳಿಗೆ ಗುಣಾಕಾರ ಕಾಣಿಸುವುದು ಹೇಗೆ?

ನನ್ನ ತಂಗಿಯ ಮಗಳಿಗೆ ಏಳು ವರ್ಷ. ಹೋದ ಬೇಸಿಗೆ ರಜೆಗೆ ನಮ್ಮ ಮನೆಗೆ ಬಂದಿದ್ದಳು. ಬಂದ ದಿನವೇ, ಬ್ಯಾಗು ಕೆಳಗಿಡುವ ಮೊದಲು, ನಾಲ್ಕರ ಮಗ್ಗಿ ಒಪ್ಪಿಸಿದಳು. ನಾಲ್ಕು ಒಂದ್ಲೆ ನಾಲ್ಕು, ನಾಲ್ಕು ಎರಡ್ಲೆ ಎಂಟು ಅಂತ ಶುರುವಾಗಿ ನಾಲ್ಕು ಹತ್ಲೆ ನಲವತ್ತರ ತನಕ. ಒಂದೂ ತಪ್ಪಿಲ್ಲ.

ಮರುದಿನ ಬೆಳಿಗ್ಗೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದೆ. ಒಳಗೆ ಮೂರು ತಟ್ಟೆ, ಒಂದೊಂದರಲ್ಲೂ ನಾಲ್ಕು ಇಡ್ಲಿ. “ಪುಟ್ಟಿ, ಒಟ್ಟು ಎಷ್ಟು ಇಡ್ಲಿ ಆಯ್ತು ಹೇಳು ನೋಡೋಣ” ಅಂದೆ. ಅವಳು ಬೆರಳು ಮುಂದೆ ಮಾಡಿ ಒಂದು, ಎರಡು, ಮೂರು ಅಂತ ಎಣಿಸಿದಳು. ಹನ್ನೆರಡು ಅಂದಳು. “ನಿನ್ನೆ ನಾಲ್ಕರ ಮಗ್ಗಿ ಹೇಳಿದ್ಯಲ್ಲ, ಅದರಲ್ಲೇ ಇತ್ತಲ್ಲ ಇದು?” ಅಂದೆ. ಅವಳು ನನ್ನ ಮುಖ ನೋಡಿದಳು.

“ಅದು ಮಗ್ಗಿ ದೊಡ್ಡಮ್ಮಾ. ಇದು ಇಡ್ಲಿ.”

ಆ ಮಾತು ನನ್ನನ್ನು ತುಂಬಾ ದಿನ ಕಾಡಿತು. ಅವಳಿಗೆ ಮಗ್ಗಿ ಒಂದು ಹಾಡು. ಹಾಡಿಗೂ ಅಡುಗೆಮನೆಗೂ ಸಂಬಂಧ ಇದೆ ಅಂತ ಅವಳಿಗೆ ಯಾರೂ ತೋರಿಸಿರಲಿಲ್ಲ. ಆ ರಜೆಯ ಒಂದು ತಿಂಗಳು ನಾವಿಬ್ಬರೂ ಸೇರಿ ಇಡ್ಲಿಯನ್ನೂ ಮಗ್ಗಿಯನ್ನೂ ಜೋಡಿಸುವ ಕೆಲಸ ಮಾಡಿದೆವು. ಪುಸ್ತಕ ತೆರೆಯಲಿಲ್ಲ. ನಾನು ಕಂಡುಕೊಂಡದ್ದನ್ನು ಇಲ್ಲಿ ಹೇಳುತ್ತೇನೆ.

ಮೊದಲು ದೊಡ್ಡವರಾದ ನಮಗೆ ಒಂದು ವಿಷಯ ಸ್ಪಷ್ಟವಾಗಬೇಕು. ಗುಣಾಕಾರ ಮಕ್ಕಳಿಗೆ ಯಾಕೆ ಕಷ್ಟ? ಕೂಡುವುದನ್ನು ಬೇಗ ಕಲಿಯುತ್ತಾರೆ, ಇಲ್ಲಿಗೆ ಬಂದಾಗ ಯಾಕೆ ತಡವರಿಸುತ್ತಾರೆ? ಕೂಡುವಾಗ ಎರಡೂ ಸಂಖ್ಯೆ ಒಂದೇ ಜಾತಿಯವು. ಮೂರು ಮಾವಿನಹಣ್ಣು, ಇನ್ನು ನಾಲ್ಕು ಮಾವಿನಹಣ್ಣು. ಎಲ್ಲವೂ ಹಣ್ಣೇ. ಗುಣಿಸುವಾಗ ಹಾಗಲ್ಲ. ಇಡ್ಲಿ ಪಾತ್ರೆಯಲ್ಲಿ ನಾಲ್ಕು ಅಂದರೆ ಇಡ್ಲಿ, ಮೂರು ಅಂದರೆ ತಟ್ಟೆ. ಒಂದು ಸಂಖ್ಯೆ ‘ಗುಂಪಿನಲ್ಲಿ ಎಷ್ಟು’ ಅನ್ನುತ್ತದೆ, ಇನ್ನೊಂದು ‘ಅಂಥ ಗುಂಪು ಎಷ್ಟು’ ಅನ್ನುತ್ತದೆ. ಅಂದರೆ ಮಗು ನಾಲ್ಕು ಇಡ್ಲಿಯನ್ನು ನಾಲ್ಕು ಅಂತಲೂ ನೋಡಬೇಕು, ಅದೇ ಹೊತ್ತಿಗೆ ‘ಒಂದು’ ತಟ್ಟೆ ಅಂತಲೂ ನೋಡಬೇಕು. ಒಂದೊಂದಾಗಿ ಎಣಿಸಿ ರೂಢಿಯಾದ ಮಗುವಿಗೆ ಇದು ದೊಡ್ಡ ಜಿಗಿತ. ನಮಗೆ ಮರೆತುಹೋಗಿದೆ ಅಷ್ಟೇ.

ಈ ಜಿಗಿತಕ್ಕೆ ಒಳ್ಳೆಯ ಜಾಗ ಬಾಗಿಲ ಬಳಿ ಬಿಟ್ಟ ಚಪ್ಪಲಿ. ಮನೆಗೆ ನೆಂಟರು ಬಂದಾಗ ಮಗುವನ್ನು ಅಲ್ಲಿಗೆ ಕಳಿಸಿ. “ಎಷ್ಟು ಜನ ಬಂದಿದ್ದಾರೆ? ಎಷ್ಟು ಚಪ್ಪಲಿ ಇದೆ?” ಒಂದೇ ರಾಶಿಗೆ ಎರಡು ಉತ್ತರ. ಐದು ಜನ, ಹತ್ತು ಚಪ್ಪಲಿ. ಜೋಡಿ ಅನ್ನುವ ಮಾತು ಮಗುವಿಗೆ ಮೊದಲೇ ಗೊತ್ತು. ಆ ಜೋಡಿಯೇ ಅದು ನೋಡುವ ಮೊದಲ ಗುಂಪು. ಆಮೇಲೆ ಆಟೋದ ಮೂರು ಚಕ್ರ, ಹಸುವಿನ ನಾಲ್ಕು ಕಾಲು, ಕೈಯ ಐದು ಬೆರಳು, ವಾರದ ಏಳು ದಿನ. ಒಂದೊಂದು ಮಗ್ಗಿಗೂ ಲೋಕದಲ್ಲಿ ಒಂದು ಒಡೆಯ ಇದ್ದಾನೆ.

ಗುಂಪು ಒಂದೇ ಅಳತೆಯದ್ದಾಗಿರಬೇಕು ಅನ್ನುವುದನ್ನೂ ತೋರಿಸಬೇಕು. ಇದನ್ನು ಎಷ್ಟೋ ಸಲ ಬಿಟ್ಟೇ ಬಿಡುತ್ತೇವೆ. ನಾನು ಮೂರು ಚಿಪ್ಪು ಬಾಳೆಹಣ್ಣು ತಂದಿಟ್ಟೆ. “ಇದನ್ನ ಮಗ್ಗಿಯಿಂದ ಹೇಳೋಕೆ ಆಗುತ್ತಾ?” ಒಂದು ಚಿಪ್ಪಿನಲ್ಲಿ 11, ಇನ್ನೊಂದರಲ್ಲಿ 14, ಮತ್ತೊಂದರಲ್ಲಿ 9. ಅವಳು ಸ್ವಲ್ಪ ಯೋಚಿಸಿ, “ಆಗಲ್ಲ, ಇವು ಸಮ ಇಲ್ಲ” ಅಂದಳು. ಕೂಡಿ 34 ಅಂದಳು. ನನಗೆ ಮಗ್ಗಿ ಒಪ್ಪಿಸಿದ ದಿನಕ್ಕಿಂತ ಅವತ್ತು ಜಾಸ್ತಿ ಖುಷಿಯಾಯಿತು. ಯಾವಾಗ ಗುಣಿಸಬಾರದು ಅಂತ ಗೊತ್ತಾದ ಮಗುವಿಗೆ ಯಾವಾಗ ಗುಣಿಸಬೇಕು ಅನ್ನುವುದೂ ಗೊತ್ತಾಗುತ್ತದೆ.

ಇನ್ನು ಆ ‘ಲೆ’ ವಿಷಯ. ನಮ್ಮ ಮಗ್ಗಿಯನ್ನು ನಿಧಾನವಾಗಿ ಹೇಳಿ ನೋಡಿ. ನಾಲ್ಕು ಒಂದ್ಲೆ, ನಾಲ್ಕು ಎರಡ್ಲೆ, ನಾಲ್ಕು ಮೂರ್ಲೆ. ಮೊದಲಿನ ನಾಲ್ಕು ಅಲ್ಲಾಡುವುದಿಲ್ಲ. ಅದು ಗುಂಪು. ‘ಲೆ’ ಸೇರಿದ ಸಂಖ್ಯೆ ಮಾತ್ರ ಏರುತ್ತಾ ಹೋಗುತ್ತದೆ. ಅದು ಎಷ್ಟು ಸಲ ಅನ್ನುವ ಲೆಕ್ಕ. ನಾಲ್ಕು ಮೂರ್ಲೆ ಅಂದರೆ ನಾಲ್ಕನ್ನು ಮೂರು ಸಲ ಇಡು. ಇಷ್ಟು ಅರ್ಥ ಆ ಪುಟ್ಟ ‘ಲೆ’ಯೊಳಗೆ ಕೂತಿದೆ. ನಾವು ಅದನ್ನು ತಾಳದಂತೆ ಹೇಳಿಬಿಡುತ್ತೇವೆ, ಅರ್ಥ ಮಗುವಿಗೆ ಕೇಳಿಸುವುದೇ ಇಲ್ಲ.

ಹಾಗಾಗಿ ಕೆಲವು ದಿನ ನಾವು ‘ಲೆ’ ತೆಗೆದು ‘ಸಲ’ ಅಂತ ಹಾಕಿ ಹೇಳಿದೆವು. ನಾಲ್ಕು ಒಂದು ಸಲ ನಾಲ್ಕು. ನಾಲ್ಕು ಎರಡು ಸಲ ಎಂಟು. ಹೇಳುತ್ತಾ ಕೈಯಿಂದ ಮಾಡುವುದು. ಒಂದು ಹಳೆಯ ಪಾವು, ಒಂದು ಸೇರು ಮನೆಯಲ್ಲಿದ್ದವು. ನಾಲ್ಕು ಪಾವಿಗೆ ಒಂದು ಸೇರು. ಮೂರು ಸೇರು ಅಕ್ಕಿ ಡಬ್ಬಿಗೆ ಹಾಕಬೇಕು, ಆದರೆ ಪಾವಿನಲ್ಲೇ ಅಳೆಯಬೇಕು, ಎಷ್ಟು ಪಾವು ಸುರಿಯಬೇಕು? ಅವಳೇ ಸುರಿದಳು. ಸುರಿಯುವಾಗ ತೋಳಿಗೆ ಆದ ಶ್ರಮದಲ್ಲಿ ‘ಸಲ’ ಅನ್ನುವುದರ ಅರ್ಥ ಇತ್ತು. ಸೇರು, ಪಾವು ಇಲ್ಲದ ಮನೆಯಲ್ಲಿ ಲೋಟ, ಚೊಂಬು ಸಾಕು. ನಾಲ್ಕು ಲೋಟ ನೀರಿಗೆ ಒಂದು ಚೊಂಬು ತುಂಬಿದರೆ ಐದು ಚೊಂಬಿಗೆ ಎಷ್ಟು ಲೋಟ?

ಹೂವಿನವರ ಹತ್ತಿರವೂ ಇದೇ ನಡೆಯಿತು. ನಾಲ್ಕು ಮೊಳಕ್ಕೆ ಒಂದು ಮಾರು. ಎರಡು ಮಾರು ಮಲ್ಲಿಗೆ ಕೊಂಡು ಮನೆಗೆ ಬಂದು ಅವಳು ತನ್ನ ಮೊಣಕೈಯಿಂದ ಅಳೆದಳು. ಎಂಟು ಮೊಳ ಬರಬೇಕಿತ್ತು, ಹನ್ನೊಂದು ಬಂತು! ಹೂವಿನಮ್ಮ ನಮಗೆ ಜಾಸ್ತಿ ಕೊಟ್ಟರು ಅಂತ ಕುಣಿದಳು. ಆಮೇಲೆ ನನ್ನ ಕೈಯಿಂದ ಅಳೆದು ತೋರಿಸಿದೆ. ಅವಳ ಮೊಳ ಚಿಕ್ಕದು. ಗುಂಪಿನ ಅಳತೆ ಬದಲಾದರೆ ‘ಎಷ್ಟು ಸಲ’ ಅನ್ನುವುದೂ ಬದಲಾಗುತ್ತದೆ. ಇದನ್ನು ನಾನು ಹೇಳಿಕೊಡಬೇಕು ಅಂತ ಹೊರಟದ್ದಲ್ಲ, ಹೂವೇ ಹೇಳಿಕೊಟ್ಟಿತು.

ಈಗ ರಂಗೋಲಿಗೆ ಬರೋಣ. ಗುಣಾಕಾರ ಕಲಿಸಲು ಇದಕ್ಕಿಂತ ಒಳ್ಳೆಯ ಸಾಧನ ನನಗಂತೂ ಗೊತ್ತಿಲ್ಲ. ಕಾಸು ಖರ್ಚಿಲ್ಲ. ನಮ್ಮ ಅಮ್ಮಂದಿರ ರಂಗೋಲಿ ಪುಸ್ತಕಗಳಲ್ಲಿ ಪ್ರತಿ ಚಿತ್ರದ ಕೆಳಗೂ ‘7 ಚುಕ್ಕಿ, 7 ಸಾಲು’ ಅಂತ ಬರೆದಿರುತ್ತದೆ ಅಲ್ವಾ? ಅದು ಗುಣಾಕಾರವೇ. ಒಂದು ಸಾಲಿನಲ್ಲಿ ಎಷ್ಟು, ಅಂಥ ಸಾಲು ಎಷ್ಟು.

ಮೊದಲು 3 ಚುಕ್ಕಿ, 4 ಸಾಲು ಹಾಕಿಸಿ. ಮೂರು ನಾಲ್ಕ್ಲೆ ಹನ್ನೆರಡು. ಈಗ ಮಗುವನ್ನು ಎಬ್ಬಿಸಿ ಪಕ್ಕದಲ್ಲಿ ನಿಲ್ಲಿಸಿ. ಅಲ್ಲಿಂದ ನೋಡಿದರೆ ಅದೇ ಚುಕ್ಕಿಗಳು 4 ಚುಕ್ಕಿ, 3 ಸಾಲು ಆಗಿ ಕಾಣುತ್ತವೆ. ನಾಲ್ಕು ಮೂರ್ಲೆ ಹನ್ನೆರಡು. ಯಾರೂ ಒಂದು ಚುಕ್ಕಿ ಅಳಿಸಿಲ್ಲ, ಸೇರಿಸಿಲ್ಲ. ನಿಂತ ಜಾಗ ಬದಲಾಯಿತು ಅಷ್ಟೇ. ‘ತಿರುಗಿಸಿ ಗುಣಿಸಿದರೂ ಉತ್ತರ ಒಂದೇ’ ಅನ್ನುವ ನಿಯಮವನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದರೂ ಸಿಗದ ನಂಬಿಕೆ ಅಂಗಳದಲ್ಲಿ ಎರಡು ಹೆಜ್ಜೆ ಇಟ್ಟರೆ ಸಿಗುತ್ತದೆ.

ಆದರೆ ಒಂದು ಎಚ್ಚರ. ಉತ್ತರ ಒಂದೇ ಆದರೂ ಸಂಗತಿ ಒಂದೇ ಅಲ್ಲ. ಕೆಮ್ಮಿನ ಔಷಧಿ ದಿನಕ್ಕೆ 3 ಸಲ 2 ಚಮಚ ಕುಡಿಯಲು ಹೇಳಿದ್ದಾರೆ ಅನ್ನಿ. 2 ಸಲ 3 ಚಮಚ ಕುಡಿದರೂ ಒಟ್ಟು ಆರೇ. ಹಾಗಂತ ಹಾಗೆ ಕುಡಿಯಬಹುದಾ? ಮಗು ಕೂಡಲೇ “ಇಲ್ಲ” ಅನ್ನುತ್ತದೆ. ಯಾಕೆ ಇಲ್ಲ ಅಂತ ಅದೇ ವಿವರಿಸಲಿ.

ಮತ್ತೆ ಚುಕ್ಕಿಗೆ. ದೊಡ್ಡ ಮಗ್ಗಿಗಳನ್ನು ಮುರಿಯುವುದನ್ನೂ ಇಲ್ಲೇ ಕಲಿಸಬಹುದು. ಏಳು ಎಂಟ್ಲೆ ಎಷ್ಟು? ದೊಡ್ಡವರೂ ಒಂದು ಕ್ಷಣ ನಿಲ್ಲುವ ಜಾಗ ಇದು. 7 ಚುಕ್ಕಿಯ 8 ಸಾಲು ಹಾಕಿ. ಐದನೇ ಸಾಲಿನ ಕೆಳಗೆ ಒಂದು ದಾರ ಅಡ್ಡ ಇಡಿ. ದಾರದ ಮೇಲೆ ಏಳು ಐದ್ಲೆ ಮೂವತ್ತೈದು. ಕೆಳಗೆ ಏಳು ಮೂರ್ಲೆ ಇಪ್ಪತ್ತೊಂದು. ಸೇರಿಸಿದರೆ 56. ಗೊತ್ತಿರುವ ಎರಡು ತುಂಡಿನಿಂದ ಗೊತ್ತಿಲ್ಲದ್ದನ್ನು ಕಟ್ಟಿದೆವು. ದಾರವನ್ನು ಬೇರೆ ಸಾಲಿಗೆ ಸರಿಸಿದರೆ ತುಂಡುಗಳು ಬದಲಾಗುತ್ತವೆ, ಒಟ್ಟು ಬದಲಾಗುವುದಿಲ್ಲ. ಮಗು ಮಗ್ಗಿ ಮರೆತಾಗ ಅಳುವ ಬದಲು ದಾರ ಇಡುವುದನ್ನು ಕಲಿತರೆ ಅದಕ್ಕೆ ಮುಂದೆ ಎರಡಂಕಿಯ ಗುಣಾಕಾರ ಹೊಸದು ಅನ್ನಿಸುವುದಿಲ್ಲ. ಅಲ್ಲಿಯೂ ನಾವು ಮಾಡುವುದು ಇದನ್ನೇ.

ಸಂದು ಚುಕ್ಕಿಯ ರಂಗೋಲಿ ಇನ್ನೂ ಚೆನ್ನ. ‘7 ಚುಕ್ಕಿ, 4ಕ್ಕೆ ನಿಲ್ಲಿಸಿ’ ಅಂದರೆ ನಡುವೆ 7, ಅದರ ಎರಡೂ ಕಡೆ ಸಂದಿನಲ್ಲಿ 6, ಆಮೇಲೆ 5, ಕೊನೆಗೆ 4. ಸಾಲುಗಳು ಸಮ ಇಲ್ಲ. ಹಾಗಾಗಿ ನೇರ ಮಗ್ಗಿ ಹಾಕಲು ಆಗುವುದಿಲ್ಲ. ಅವಳು ಅದನ್ನು ಬಾಳೆಹಣ್ಣಿನ ಹಾಗೆ ಅಂದಳು. ಆದರೆ ಸ್ವಲ್ಪ ಹೊತ್ತು ನೋಡಿ, ಆರು ಎರಡು ಸಲ ಇದೆ, ಐದು ಎರಡು ಸಲ ಇದೆ, ನಾಲ್ಕೂ ಎರಡು ಸಲ ಇದೆ, ಏಳು ಮಾತ್ರ ಒಂಟಿ ಅಂದಳು. ಹನ್ನೆರಡು, ಹತ್ತು, ಎಂಟು, ಏಳು. ಒಟ್ಟು 37. ಗುಂಪು ಕಾಣದ ಕಡೆ ಗುಂಪು ಹುಡುಕಿದಳು. ಆ ದಿನ ಅಂಗಳದಲ್ಲಿ ಬಿಸಿಲು ಏರುವ ತನಕ ಕೂತಿದ್ದೆವು.

ಇಷ್ಟಾದ ಮೇಲೆ ಮಗ್ಗಿ ಬಾಯಿಪಾಠ ಬೇಡವೇ ಅಂತ ಕೇಳಬಹುದು. ಬೇಕು. ಖಂಡಿತ ಬೇಕು. ಸಂಜೆ ದೀಪ ಹಚ್ಚಿದ ಮೇಲೆ ಸಾಲಾಗಿ ಕೂತು ಮಗ್ಗಿ ಹೇಳಿದವರಲ್ಲಿ ನಾನೂ ಒಬ್ಬಳು. ಅದರಿಂದ ಇವತ್ತಿಗೂ ಅಂಗಡಿಯಲ್ಲಿ ಲೆಕ್ಕ ತಪ್ಪುವುದಿಲ್ಲ. ಪ್ರತಿ ಸಲ ಚುಕ್ಕಿ ಇಟ್ಟು ಎಣಿಸುತ್ತಾ ಕೂತರೆ ಭಾಗಾಕಾರಕ್ಕೆ, ಭಿನ್ನರಾಶಿಗೆ ಹೋಗುವುದು ಯಾವಾಗ? ನಾನು ಹೇಳುವುದು ಕ್ರಮದ ಮಾತು. ಮೊದಲು ಕಣ್ಣಿಗೆ, ಕೈಗೆ. ಆಮೇಲೆ ಬಾಯಿಗೆ. ಕೊನೆಗೆ × ಚಿಹ್ನೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ, 2009-10ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳ ಕೆಳ ತರಗತಿಗಳಿಗೆಲ್ಲ ಬಂದ ನಲಿ-ಕಲಿಯಲ್ಲೂ ಚಟುವಟಿಕೆ ಮುಂದೆ, ಪುಸ್ತಕ ಹಿಂದೆ. ಕಡ್ಡಿ, ಕಲ್ಲು, ಬೀಜ ಹಿಡಿದು ಕೂತ ಮಕ್ಕಳನ್ನು ಕಂಡು ‘ಇದೇನು ಆಟ’ ಅನ್ನುವ ಪೋಷಕರಿಗೆ ನಾನು ಇದನ್ನೇ ಹೇಳುತ್ತೇನೆ.

ಬಾಯಿಪಾಠಕ್ಕೂ ಒಂದು ಸುಲಭ ದಾರಿ ಇದೆ. ಒಂದರಿಂದ ಹತ್ತರ ತನಕ ಮಗ್ಗಿ ಅಂದರೆ 100 ಸಾಲು. ಮಗುವಿಗೆ ಅದು ಬೆಟ್ಟದ ಹಾಗೆ ಕಾಣುತ್ತದೆ. ಬೆಟ್ಟವನ್ನು ಕರಗಿಸೋಣ. ರಂಗೋಲಿಯಲ್ಲಿ ಪಕ್ಕಕ್ಕೆ ನಿಂತು ನೋಡಿದ್ದು ನೆನಪಿದೆಯಲ್ಲ? ಮೂರು ನಾಲ್ಕ್ಲೆ ಬಂದರೆ ನಾಲ್ಕು ಮೂರ್ಲೆ ಬಂದಂತೆಯೇ. ಹಾಗಾಗಿ 100 ಅಲ್ಲ, 55 ಸಾಕು. ಒಂದು, ಎರಡು, ಐದು, ಹತ್ತರ ಮಗ್ಗಿಗಳನ್ನು ಮಕ್ಕಳು ಬೇಗ ಕಲಿಯುತ್ತಾರೆ. ಚಪ್ಪಲಿ ಎರಡನ್ನು ಕಲಿಸುತ್ತದೆ, ಹತ್ತು ರೂಪಾಯಿಯ ನೋಟು ಹತ್ತನ್ನು. ಗೋಡೆ ಗಡಿಯಾರ ಐದನ್ನು ಕಲಿಸುತ್ತದೆ: ದೊಡ್ಡ ಮುಳ್ಳು 7ರ ಮೇಲಿದ್ದರೆ ಎಷ್ಟು ನಿಮಿಷ? ಐದು ಏಳ್ಲೆ ಮೂವತ್ತೈದು. ಈ ನಾಲ್ಕು ಮಗ್ಗಿ ಕಳೆದರೆ ಉಳಿಯುವುದು ಬರೀ 21.

ಇನ್ನು ಒಂಬತ್ತು. 9 ರೂಪಾಯಿಯ ಪೆನ್ನು 7 ಬೇಕು. ಒಂದೊಂದಕ್ಕೂ ಹತ್ತರ ನೋಟು ಕೊಟ್ಟೆ ಅಂದುಕೋ, ಎಪ್ಪತ್ತಾಯಿತು. ಒಂದೊಂದಕ್ಕೂ ಅಂಗಡಿಯವರು 1 ರೂಪಾಯಿ ವಾಪಸ್ ಕೊಟ್ಟರು, ಏಳು. ಹಾಗಾದರೆ 63. ಹತ್ತರ ಮಗ್ಗಿ ಬಂದವರಿಗೆ ಒಂಬತ್ತರ ಮಗ್ಗಿ ಚಿಲ್ಲರೆ ವಾಪಸ್ ಪಡೆಯುವಷ್ಟು ಸುಲಭ. ಈಗ ಉಳಿದದ್ದು 15.

ಅದರಲ್ಲೂ ನಾಲ್ಕು ಮತ್ತು ಎಂಟಕ್ಕೆ ಮಡಿಸುವ ದಾರಿ ಇದೆ. ನಮ್ಮ ಭಾಷೆಯಲ್ಲಿ ಇಮ್ಮಡಿ, ಮುಮ್ಮಡಿ ಅನ್ನುತ್ತೇವಲ್ಲ, ಅಲ್ಲಿಯ ‘ಮಡಿ’ ಕೇಳಿದಾಗಲೆಲ್ಲ ನನಗೆ ಸೀರೆ ಮಡಿಸುವುದು ನೆನಪಾಗುತ್ತದೆ. ಒಂದು ಹಾಳೆ ಕೊಟ್ಟು ಅರ್ಧಕ್ಕೆ ಮಡಿಸು ಅನ್ನಿ. ಎಷ್ಟು ಪದರ? ಎರಡು. ಇನ್ನೊಮ್ಮೆ ಮಡಿಸಿದರೆ ನಾಲ್ಕು. ಮೂರನೇ ಸಲಕ್ಕೆ ಎಷ್ಟು ಅಂತ ಮೊದಲೇ ಕೇಳಿ. ಬಹಳ ಮಕ್ಕಳು ಆರು ಅನ್ನುತ್ತಾರೆ. ಮಡಿಸಿ ಎಣಿಸಿದರೆ ಎಂಟು! ಪ್ರತಿ ಮಡಿಕೆಯಲ್ಲೂ ಇದ್ದದ್ದೆಲ್ಲ ಎರಡರಷ್ಟಾಗುತ್ತದೆ. ಹಾಗಾಗಿ ಏಳು ಎಂಟ್ಲೆ ಬೇಕಿದ್ದರೆ ಏಳನ್ನು ಮೂರು ಸಲ ಎರಡರಷ್ಟು ಮಾಡಿದರಾಯಿತು. 14, 28, 56. ರಂಗೋಲಿಯಲ್ಲಿ ದಾರ ಇಟ್ಟಾಗ ಬಂದದ್ದೂ ಇದೇ 56. ಎರಡು ದಾರಿಯಲ್ಲಿ ಹೋದರೂ ಒಂದೇ ಊರು ಸಿಕ್ಕಾಗ ಮಗುವಿನ ಮುಖ ನೋಡಬೇಕು.

56 ಇನ್ನೊಂದು ಕಡೆಯೂ ಸಿಕ್ಕಿತು. ಅಟ್ಟದ ಮೇಲೆ ನಮ್ಮಜ್ಜಿಯ ಕಾಲದ ಅಳಿಗುಳಿ ಮಣೆ ಇತ್ತು. ಕರಾವಳಿಯಲ್ಲಿ ಚೆನ್ನೆಮಣೆ ಅನ್ನುತ್ತಾರೆ. ಏಳು ಏಳು ಕುಳಿಯ ಎರಡು ಸಾಲು, ಒಟ್ಟು 14. ಕುಳಿಗೆ ನಾಲ್ಕರಂತೆ ಹುಣಸೆ ಬೀಜ ತುಂಬಿದರೆ ಒಂದು ಸಾಲಿಗೆ 28, ಎರಡು ಸಾಲಿಗೆ 56. ಕೆಲವು ಕಡೆ ಐದೈದು ಹಾಕಿ ಆಡುತ್ತಾರೆ, ಆಗ 70. ಆಟ ಶುರುವಾಗಿ ಒಂದು ಸುತ್ತು ಬೀಜ ಹಂಚಿದ ಕೂಡಲೇ ಕುಳಿಗಳು ಸಮ ಇರುವುದಿಲ್ಲ, ಮಗ್ಗಿ ಕೆಲಸ ಮಾಡುವುದಿಲ್ಲ. ಆಟ ಮುಗಿದಾಗ ಗೆದ್ದ ಬೀಜವನ್ನು ಮತ್ತೆ ನಾಲ್ಕು ನಾಲ್ಕರಂತೆ ಕುಳಿಗೆ ತುಂಬಬೇಕು. 32 ಬೀಜ ಗೆದ್ದರೆ ಎಷ್ಟು ಕುಳಿ ತುಂಬುತ್ತದೆ? ಅಲ್ಲಿ ಭಾಗಾಕಾರ ತಾನಾಗಿಯೇ ಬಂದು ಕೂತಿತು. ನಾನು ಆ ಹೆಸರನ್ನು ಹೇಳಲಿಲ್ಲ. ಹೇಳುವ ಅವಸರವೂ ಇರಲಿಲ್ಲ.

ಸೊನ್ನೆಯನ್ನು ಮಾತ್ರ ಮರೆಯಬೇಡಿ. “ಐದು ಡಬ್ಬಿ ಇದೆ, ಒಂದೊಂದರಲ್ಲೂ ಸೊನ್ನೆ ಚಕ್ಕುಲಿ. ಒಟ್ಟು ಎಷ್ಟು ಚಕ್ಕುಲಿ?” ಖಾಲಿ ಡಬ್ಬಿ ತೆರೆದು ತೋರಿಸಿ ಕೇಳಿದರೆ ಯಾವ ಮಗುವೂ ಐದು ಅನ್ನುವುದಿಲ್ಲ. ಹಾಳೆಯ ಮೇಲೆ 5 × 0 ಬರೆದರೆ ಎಷ್ಟೋ ಮಕ್ಕಳು ಐದು ಅನ್ನುತ್ತಾರೆ.

ಸಂತೆಗೆ, ಅಂಗಡಿಗೆ ಹೋಗುವಾಗ ಮಗುವನ್ನು ಕರೆದುಕೊಂಡು ಹೋಗಿ. ಈಗ ಫೋನಿನಲ್ಲಿ ಸ್ಕ್ಯಾನ್ ಮಾಡಿ ದುಡ್ಡು ಕೊಡುತ್ತೇವೆ. ಮಗುವಿಗೆ ಲೆಕ್ಕ ಕಾಣುವುದೇ ಇಲ್ಲ. ವಾರಕ್ಕೊಮ್ಮೆಯಾದರೂ ನೋಟು, ನಾಣ್ಯ ಅದರ ಕೈಗೆ ಕೊಡಿ. ಕೊತ್ತಂಬರಿ ಕಟ್ಟು 10 ರೂಪಾಯಿಯಾದರೆ ಮೂರು ಕಟ್ಟಿಗೆ ಎಷ್ಟು, ಎರಡು ಟ್ರೇ ಮೊಟ್ಟೆ ತಂದರೆ ಎಷ್ಟು ಮೊಟ್ಟೆ. ಟ್ರೇಯಲ್ಲಿ ಆರಾರು ಮೊಟ್ಟೆಯ ಐದು ಸಾಲು, ಅದೂ ರಂಗೋಲಿಯ ಚುಕ್ಕಿಯಂತೆಯೇ. 12ನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲಿ ಗಣಿತ ಬರೆದಾಗ ಕೃತಿಗೆ ಇಟ್ಟ ಹೆಸರೇ ವ್ಯವಹಾರ ಗಣಿತ. ಲೆಕ್ಕ ಹುಟ್ಟಿದ್ದೇ ಕೊಡು-ಕೊಳ್ಳುವ ಜಾಗದಲ್ಲಿ.

ಅಂಗಡಿಯ ಮುಂದೆ ನಿಂತು “ಬೇಗ ಹೇಳು, ಬೇಗ ಹೇಳು” ಅಂತ ಮಾತ್ರ ಅವಸರಿಸಬೇಡಿ. ನಾನೂ ಒಂದು ಸಲ ಹಾಗೆ ಮಾಡಿದೆ. ಅವಳು ಬಾಯಿಗೆ ಬಂದ ಒಂದು ಸಂಖ್ಯೆ ಹೇಳಿ ತಲೆ ತಗ್ಗಿಸಿದಳು. ಆಮೇಲೆ ಎರಡು ದಿನ ಅಂಗಡಿಗೆ ಬರಲು ಒಪ್ಪಲಿಲ್ಲ. ಅವತ್ತಿನಿಂದ ಉತ್ತರ ಕೇಳುವುದು ಬಿಟ್ಟೆ. “ಹೇಗೆ ಲೆಕ್ಕ ಹಾಕಿದೆ?” ಅಂತ ಕೇಳತೊಡಗಿದೆ. ಸರಿ ಉತ್ತರಕ್ಕೂ ಅದೇ ಪ್ರಶ್ನೆ, ತಪ್ಪು ಉತ್ತರಕ್ಕೂ ಅದೇ ಪ್ರಶ್ನೆ. ಎಷ್ಟೋ ಸಲ ವಿವರಿಸುತ್ತಾ ವಿವರಿಸುತ್ತಾ ಅವಳೇ ತಪ್ಪನ್ನು ತಿದ್ದಿಕೊಂಡಳು.

ಮಗುವಿಗೆ ನಿಜವಾಗಿ ಅರ್ಥವಾಗಿದೆಯೇ ಅಂತ ತಿಳಿಯಲು ನಾನು ಒಂದು ಕೆಲಸ ಮಾಡುತ್ತೇನೆ. ಲೆಕ್ಕ ಕೊಟ್ಟು ಉತ್ತರ ಕೇಳುವ ಬದಲು ಮಗ್ಗಿಯ ಒಂದು ಸಾಲು ಕೊಟ್ಟು ಕಥೆ ಕೇಳುವುದು. ಸಾಲಿನೊಳಗಿನ ಗುಂಪು ಯಾವುದು, ಸಲ ಯಾವುದು ಅಂತ ಗೊತ್ತಿಲ್ಲದ ಮಗುವಿಗೆ ಕಥೆ ಕಟ್ಟಲು ಆಗುವುದಿಲ್ಲ. ರಜೆ ಮುಗಿದು ಊರಿಗೆ ಹೊರಡುವ ದಿನ ಬಸ್ ಸ್ಟ್ಯಾಂಡಿನಲ್ಲಿ ಅವಳಿಗೆ “ಮೂರು ಆರ್ಲೆ ಹದಿನೆಂಟು, ಇದಕ್ಕೊಂದು ಕಥೆ ಹೇಳು” ಅಂದೆ. ಎದುರಿಗೆ ಆಟೋಗಳು ಸಾಲಾಗಿ ನಿಂತಿದ್ದವು.

“ಆರು ಆಟೋ ನಿಂತಿದ್ವಂತೆ. ಒಂದೊಂದಕ್ಕೂ ಮೂರು ಚಕ್ರ ಅಂತೆ. ಒಟ್ಟು ಹದಿನೆಂಟು ಚಕ್ರ” ಅಂದಳು. ಆಮೇಲೆ ಸುಮ್ಮನಾದಳು. ಬಗ್ಗಿ ಒಂದು ಆಟೋದ ಒಳಗೆ ಇಣುಕಿ ನೋಡಿದಳು.

“ದೊಡ್ಡಮ್ಮಾ, ಸ್ಟೆಪ್ನಿ ಲೆಕ್ಕಕ್ಕೆ ತಗೋಬೇಕಾ?”

“ತಗೊಂಡ್ರೆ ಏನಾಗುತ್ತೆ?” ಅಂದೆ.

ತುಟಿ ಅಲ್ಲಾಡಿತು, ಬೆರಳು ಅಲ್ಲಾಡಲಿಲ್ಲ. “ಆಗ ಮೂರರ ಮಗ್ಗಿ ಅಲ್ಲ, ನಾಲ್ಕರದ್ದು. ನಾಲ್ಕು ಆರ್ಲೆ ಇಪ್ಪತ್ನಾಲ್ಕು” ಅಂದು ಬಸ್ಸು ಹತ್ತಿದಳು.